ಕಿವಿ ಕತ್ತರಿಸಿದರೂ ನಿಲ್ಲದ ಲಂಚ

ಉಳ್ಳೂರಿನಲ್ಲಿ ಬಸ್ಸು ಹತ್ತಿ ಕಿಳಕ್ಕೇ ಕೋಟೆಗೆ ಹೋಗುವ ನಮ್ಮವರು ದಾರಿಯಲ್ಲಿ ಮೊದಲು ಕೇಶವದಾಸಪುರವನ್ನು ದಾಟುತ್ತಾರೆ. ಪಾಳಯದಲ್ಲಿ ಸ್ವದೇಶಾಭಿಮಾನಿ ರಾಮಕೃಷ್ಣ ಪಿಳ್ಳೆಯವರ ಪ್ರತಿಮೆ ಸಿಗುತ್ತದೆ. ಸೆಕ್ರೆಟೇರಿಯಟ್ಟಿನ ಎದುರಿನ ನಿಲ್ದಾಣಕ್ಕಂತೂ ಹೆಸರೇ ‘ಸ್ಟ್ಯಾಚ್ಯೂ’. ಆ ಸ್ಟ್ಯಾಚ್ಯೂ ದಿವಾನ್ ಸರ್ ಟಿ. ಮಾಧವರಾಯರದು ಎಂಬುದು ದಿನವೂ ಅಲ್ಲಿ ಇಳಿಯುವವರಿಗೂ ಅನೇಕ ವೇಳೆ ತಿಳಿದಿರುವುದಿಲ್ಲ. ಸೆಕ್ರೆಟೇರಿಯಟ್ಟಿನ ಆವರಣದಲ್ಲಿ ವೇಲು ತಂಬಿ ದಳವಾಯಿ ನಿಂತಿದ್ದಾನೆ. ಕೇಶವದಾಸ, ವೇಲು ತಂಬಿ, ಮಾಧವರಾಯ, ರಾಮಕೃಷ್ಣ ಪಿಳ್ಳೆ – ಈ ನಾಲ್ವರೂ ಬೇರೆ ಬೇರೆ ಕಾರಣಗಳಿಗಾಗಿ ಪ್ರಸಿದ್ಧರು. ಆದರೆ ನಾಲ್ವರ ಬದುಕೂ ಒಂದು ಪ್ರಶ್ನೆಯ ಸುತ್ತ ಹೆಣೆದುಕೊಂಡಿದೆ: ಸರ್ಕಾರದ ಹಣಕ್ಕೆ ಲೆಕ್ಕ ಕೇಳುವವರು ಯಾರು?

ಲಂಚ ರುಷುವತ್ತುಗಳ ಮಾತು ಬಂದಾಗಲೆಲ್ಲ ಮನುಷ್ಯನ ದುರಾಸೆಯನ್ನು ಬಯ್ದು ಕೈತೊಳೆದುಕೊಳ್ಳುವುದು ನಮ್ಮ ರೂಢಿ. ದುರಾಸೆ ಎಲ್ಲ ದೇಶಗಳಲ್ಲೂ ಎಲ್ಲ ಕಾಲಗಳಲ್ಲೂ ಇದ್ದದ್ದೇ. ಹಾಗಿದ್ದೂ ಒಂದು ರಾಜ್ಯದಲ್ಲಿ ಒಂದು ಕಾಲಕ್ಕೆ ಲಂಚ ಉಕ್ಕಿ ಹರಿಯುತ್ತದೆ, ಅದೇ ರಾಜ್ಯದಲ್ಲಿ ಇನ್ನೊಂದು ಕಾಲಕ್ಕೆ ತಗ್ಗುತ್ತದೆ. ಇದಕ್ಕೆ ಕಾರಣವನ್ನು ರಾಜಕೀಯದಲ್ಲಿ ಹುಡುಕಬೇಕೇ ಹೊರತು ಮನುಷ್ಯಸ್ವಭಾವದಲ್ಲಿ ಹುಡುಕಿ ಫಲವಿಲ್ಲ ಎಂದು ನಮ್ಮ ಅಭಿಪ್ರಾಯ. ನಾವು ಬಂದು ನೆಲೆಸಿರುವ ಈ ತಿರುವನಂತಪುರದ ಚರಿತ್ರೆಯೇ ಅದಕ್ಕೆ ಒಳ್ಳೆಯ ಪಾಠಪುಸ್ತಕ.

1798ರಲ್ಲಿ ತಿರುವಾಂಕೂರಿನ ‘ಧರ್ಮರಾಜ’ ರಾಮವರ್ಮ ತೀರಿಕೊಂಡಾಗ ಪಟ್ಟಕ್ಕೆ ಬಂದ ಬಾಲರಾಮವರ್ಮ ಇನ್ನೂ ಹದಿನಾರರ ಹುಡುಗ. ರಾಜ್ಯವನ್ನು ಅಲ್ಲಿಯವರೆಗೆ ಹಿಡಿದು ನಡೆಸಿದ್ದವನು ರಾಜಾ ಕೇಶವದಾಸ. ಆಲಪ್ಪುಳದ ಬಂದರು ಅವನ ಕೆಲಸ, ನಮ್ಮ ಗೃಹಿಣಿಯರು ತೆಂಗಿನಕಾಯಿ ಬೆಲ್ಲ ಕೊಳ್ಳಲು ಹೋಗುವ ಚಾಲ ಬಜಾರೂ ಅವನದೇ. ಹೊಸ ಅರಸನ ಸುತ್ತ ಸೇರಿದ ಮಂದಿ ಅವನನ್ನು ಪದವಿಯಿಂದ ಇಳಿಸಿದರು. 1799ರಲ್ಲಿ ಅವನು ಸತ್ತ. ವಿಷವಿಟ್ಟರು ಎಂಬ ಮಾತು ಆಗಲೇ ಹುಟ್ಟಿತು. ಅಧಿಕಾರ ಮೂವರ ಕೈಗೆ ಬಂತು: ಜಯಂತನ್ ಶಂಕರನ್ ನಂಬೂದಿರಿ ಸರ್ವಾಧಿಕಾರಿ, ಹಣಕಾಸಿಗೆ ಶಂಕರನಾರಾಯಣ ಚೆಟ್ಟಿ, ಜೊತೆಗೆ ದೊಡ್ಡ ವರ್ತಕನಾದ ಮಾತ್ತು ತರಕನ್.

ಬೊಕ್ಕಸ ಬರಿದಾಗಿತ್ತು. ಅದು ಬರಿದಾಗಲು ನಮ್ಮ ಶ್ರೀರಂಗಪಟ್ಟಣದ ದಂಡೂ ಒಂದು ಕಾರಣ ಎಂಬುದನ್ನು ನಾವು ಮರೆಯಬಾರದು. 1789–90ರಲ್ಲಿ ಟಿಪ್ಪು ಸುಲ್ತಾನ್ ತಿರುವಾಂಕೂರಿನ ನೆಡುಂಕೋಟೆಯ ಮೇಲೆ ಬಿದ್ದ. ತಿರುವಾಂಕೂರು ಇಂಗ್ಲಿಷ್ ಕಂಪನಿಯ ಆಶ್ರಯ ಹಿಡಿಯಿತು, ಆಶ್ರಯಕ್ಕೆ ಬೆಲೆ ತೆರಬೇಕಾಯಿತು. 1795ರ ಒಪ್ಪಂದದಂತೆ ಕಂಪನಿಯ ಮೂರು ಪಟಾಲಮ್ಮುಗಳ ಖರ್ಚು ಪ್ರತಿವರ್ಷವೂ ತಿರುವಾಂಕೂರಿನ ತಲೆಯ ಮೇಲೆ ಬಂತು. ಬೆಳೆ ಬರಲಿ ಬಿಡಲಿ, ಆ ಹಣ ತಪ್ಪುವಂತಿರಲಿಲ್ಲ. ಆಗ ಆ ಮೂವರು ಮಾಡಿದ ಉಪಾಯವೆಂದರೆ ಹಣವುಳ್ಳವರ ಪಟ್ಟಿ ಮಾಡಿ, ಇಂಥವರು ಇಷ್ಟು ಕೊಡಬೇಕೆಂದು ಅಪ್ಪಣೆ ಹೊರಡಿಸುವುದು. ಕೊಡದಿದ್ದರೆ ಸೆರೆ, ಛಡಿಯೇಟು. ಬಂದದ್ದರಲ್ಲಿ ಬೊಕ್ಕಸಕ್ಕೆಷ್ಟು, ಕೈಗಳಿಗೆಷ್ಟು ಎಂದು ನೋಡುವವರಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಈ ಪಟ್ಟಿಯಲ್ಲಿ ದಕ್ಷಿಣದ ಇರಣಿಯಲ್ಲಿನ ಕಾರ್ಯಕಾರ, ಎಂದರೆ ನಮ್ಮ ಅಮಲ್ದಾರರಿಗೆ ಸಮನಾದ ಅಧಿಕಾರಿ, ತಲಕುಳದ ವೇಲಾಯುಧನ್ ತಂಬಿಯ ಹೆಸರೂ ಇತ್ತು. (ಈ ಊರುಗಳು 1956ರಿಂದ ಕನ್ಯಾಕುಮಾರಿ ಜಿಲ್ಲೆಗೆ ಸೇರಿ ತಮಿಳುನಾಡಿನಲ್ಲಿವೆ.) ಅವನು ಮೂರು ದಿನದ ವಾಯಿದೆ ಕೇಳಿ ಊರಿಗೆ ಹಿಂದಿರುಗಿದ. ಹಣ ಕೂಡಿಸುವ ಬದಲು ಜನರನ್ನು ಕೂಡಿಸಿದ. ನಾಂಜಿನಾಡಿನ ರೈತರು ಅವನ ಹಿಂದೆ ನಡೆದು ಬಂದು ತಿರುವನಂತಪುರದ ಕೋಟೆಯ ಹೊರಗೆ ಬೀಡುಬಿಟ್ಟರು. ಅವರ ಬೇಡಿಕೆಗಳು ಸ್ಪಷ್ಟವಾಗಿದ್ದವು: ನಂಬೂದಿರಿಯನ್ನು ಗಡೀಪಾರು ಮಾಡಬೇಕು, ಮುಂದೆಂದೂ ಕರೆಸಿಕೊಳ್ಳುವುದಿಲ್ಲವೆಂದು ಅರಸರು ಬರೆದು ಕೊಡಬೇಕು, ಉಳಿದಿಬ್ಬರಿಗೆ ಎಲ್ಲರೆದುರಿಗೆ ಛಡಿಯೇಟು ಕೊಟ್ಟು ಕಿವಿ ಕತ್ತರಿಸಬೇಕು, ಉಪ್ಪಿನ ಸುಂಕವನ್ನೂ ಇತರ ಅನ್ಯಾಯದ ತೆರಿಗೆಗಳನ್ನೂ ತೆಗೆದುಹಾಕಬೇಕು. ಅರಸ ಎಲ್ಲವನ್ನೂ ಒಪ್ಪಿದ. ಕಿವಿಗಳು ಕತ್ತರಿಸಲ್ಪಟ್ಟವು.

ಅದೇ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಿತ್ತು. ಅದೇ ವರ್ಷದ ಕೊನೆಯ ದಿನ, ಕೊಚ್ಚಿಯನ್ನು ನೂರ ಮೂವತ್ತು ವರ್ಷಗಳಿಗೂ ಮಿಕ್ಕಿ ಆಳಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿ ದಿವಾಳಿಯಾಗಿ ಕಣ್ಣುಮುಚ್ಚಿತು. ಆ ಕಂಪನಿಯ ನೌಕರರಿಗೆ ಸಂಬಳ ಅತ್ಯಲ್ಪ. ಕಂಪನಿಯ ಹಡಗಿನಲ್ಲೇ ಸ್ವಂತ ಸರಕು ತುಂಬಿ ವ್ಯಾಪಾರ ಮಾಡಿಕೊಂಡು ಬದುಕುವುದು ಅವರಲ್ಲಿ ನಡೆದುಬಂದ ರೀತಿ. ಕಂಪನಿಯ ಹೆಸರಿನ ಮೊದಲಕ್ಷರಗಳಿಗೆ ‘ಲಂಚದಲ್ಲಿ ಮುಳುಗಿದ್ದು’ ಎಂದು ಹಾಲೆಂಡಿನವರೇ ಅರ್ಥ ಹಚ್ಚಿ ನಗುತ್ತಿದ್ದರಂತೆ. ಇಂಗ್ಲಿಷರದೂ ಭಿನ್ನವಾದ ಕಥೆಯಲ್ಲ. ಆರ್ಕಾಟಿನ ನವಾಬನಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟ ಕಂಪನಿಯ ನೌಕರರು ಆ ಹಣದಿಂದ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಸ್ಥಾನಗಳನ್ನೇ ಕೊಂಡರೆಂದು ಎಡ್ಮಂಡ್ ಬರ್ಕ್ 1785ರಲ್ಲಿ ಅದೇ ಪಾರ್ಲಿಮೆಂಟಿನಲ್ಲಿ ನಿಂತು ಗುಡುಗಿದ. ಫ್ರಾನ್ಸಿನಲ್ಲಿ ನ್ಯಾಯಾಧೀಶರ ಹುದ್ದೆಯನ್ನು ಹಣ ಕೊಟ್ಟು ಕೊಳ್ಳುವುದು 1789ರ ಕ್ರಾಂತಿಯ ತನಕ ಕಾನೂನುಬದ್ಧವಾಗಿತ್ತು. ಇಂಗ್ಲೆಂಡಿನ ಸೈನ್ಯದಲ್ಲಿ ಅಧಿಕಾರಿಯ ಪದವಿಯನ್ನು ಕೊಳ್ಳುವ ಪದ್ಧತಿ ನಿಂತದ್ದು 1871ರಲ್ಲಿ. ‘ಪೌರಸ್ತ್ಯರ ಲಂಚಗುಳಿತನ’ದ ಬಗ್ಗೆ ಪುಟಗಟ್ಟಲೆ ಬರೆದ ರೆಸಿಡೆಂಟರುಗಳನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ವೇಲು ತಂಬಿಯ ಕಥೆಗೆ ಮರಳೋಣ. ಅವನು ಮೊದಲು ವಾಣಿಜ್ಯದ ಮಂತ್ರಿಯಾಗಿ, ಬಳಿಕ ದಳವಾಯಿಯಾದ. ಊರೂರು ತಿರುಗಿ ಸ್ಥಳದಲ್ಲೇ ವಿಚಾರಣೆ, ಸ್ಥಳದಲ್ಲೇ ಶಿಕ್ಷೆ. ಆ ಶಿಕ್ಷೆಗಳ ಪಟ್ಟಿಯನ್ನು ಶಂಕುಣ್ಣಿ ಮೇನೋನರ 1878ರ ಚರಿತ್ರೆಯಲ್ಲಿ ಓದಿದರೆ ಮೈ ನಡುಗುತ್ತದೆ: ಅಂಗೈ, ಕಿವಿ, ಮೂಗು ಕತ್ತರಿಸುವುದು, ಎದೆಗೆ ಮೊಳೆ ಹೊಡೆದು ಮರಕ್ಕೆ ಜಡಿಯುವುದು. ವೇಲು ತಂಬಿ ತಾನು ಲಂಚ ಮುಟ್ಟಿದವನೆಂದು ಅವನ ವೈರಿಗಳೂ ಹೇಳಲಿಲ್ಲ. ಕಳ್ಳರು ಅಡಗಿದರು, ಬೊಕ್ಕಸ ಸ್ವಲ್ಪ ಚೇತರಿಸಿಕೊಂಡಿತು. ಆದರೆ ಹಳೆಯ ಲೆಕ್ಕ ಹಾಗೆಯೇ ಇತ್ತು. ಕಂಪನಿಯ ಹಣ ಪ್ರತಿವರ್ಷ ಕಟ್ಟಲೇಬೇಕು. ಅದಕ್ಕಾಗಿ ಅವನು 1804ರಲ್ಲಿ ನಾಯರ್ ಪಡೆಯ ಭತ್ಯೆ ಕಡಿಮೆ ಮಾಡಲು ಹೋದಾಗ ಪಡೆ ತಿರುಗಿಬಿತ್ತು. ಅವನು ಕಂಪನಿಯ ಸಹಾಯ ಬೇಡಿದ. 1805ರ ಹೊಸ ಒಪ್ಪಂದದಲ್ಲಿ ಕಂಪನಿ ಕಪ್ಪವನ್ನು ವರ್ಷಕ್ಕೆ ಎಂಟು ಲಕ್ಷ ರೂಪಾಯಿಗೆ ಏರಿಸಿತು. ಬಾಕಿ ಬೆಳೆಯಿತು, ರೆಸಿಡೆಂಟ್ ಮೆಕಾಲೆಯ ಪೀಡನೆ ಬೆಳೆಯಿತು. ಕೊನೆಗೆ ಕೊಚ್ಚಿಯ ಪಾಲಿಯತ್ತಚ್ಚನ್ ಜೊತೆಗೂಡಿ 1808ರ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿದ್ದ ರೆಸಿಡೆಂಟನ ಮನೆಯ ಮೇಲೆ ದಾಳಿ, 1809ರ ಜನವರಿಯಲ್ಲಿ ಕುಂಡರದ ಘೋಷಣೆ, ಅದೇ ವರ್ಷ ಮಣ್ಣಡಿಯಲ್ಲಿ ಸಾವು. ದೇಶಭಕ್ತನೆಂದು ಇಂದು ಅವನನ್ನು ಪೂಜಿಸುವುದು ನ್ಯಾಯವೇ. ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಬೇರೆ: ಮೂವರು ಲಂಚಕೋರರನ್ನು ಓಡಿಸಿದ ಅತ್ಯಂತ ಪ್ರಾಮಾಣಿಕ ಮನುಷ್ಯನೂ ಅದೇ ಕುರ್ಚಿಯಲ್ಲಿ ಕುಳಿತಾಗ ಅದೇ ಇಕ್ಕಟ್ಟಿಗೆ ಸಿಕ್ಕಿಬಿದ್ದ. ಹೊರಗಿನವರಿಗೆ ಕಟ್ಟಬೇಕಾದ ನಿಗದಿಯಾದ ಹಣ ಒಂದು ಕಡೆ, ಮೇಲಿನಿಂದ ಕೆಳಗಿನವರೆಗೆ ಪ್ರಶ್ನಿಸುವವರಿಲ್ಲದ ಅಧಿಕಾರ ಇನ್ನೊಂದು ಕಡೆ.

ಇದು ತಿರುವಾಂಕೂರಿನ ದುರದೃಷ್ಟ ಮಾತ್ರವೇ ಎಂದು ಕೇಳಬಹುದು. ಅಲ್ಲ. ಅದೇ 1799ರಲ್ಲಿ ನಮ್ಮ ಮೈಸೂರಿನಲ್ಲಿಯೂ ಒಬ್ಬ ಬಾಲಕನನ್ನು, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು, ಪಟ್ಟಕ್ಕೆ ಕೂರಿಸಲಾಯಿತು. ಅಲ್ಲಿಯೂ ಕಂಪನಿಗೆ ಪ್ರತಿವರ್ಷ ಏಳು ಲಕ್ಷ ವರಹ, ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಕಟ್ಟಬೇಕಾಗಿತ್ತು. ದಿವಾನ್ ಪೂರ್ಣಯ್ಯ ಬಿಗಿಯಾಗಿ ಆಳಿ ತುಂಬಿದ ಬೊಕ್ಕಸವನ್ನು ಬಿಟ್ಟುಹೋದರು. ಅವರ ನಂತರ ‘ಶರತ್ತು’ ಪದ್ಧತಿ ಬೇರೂರಿತು. ಅಮಲ್ದಾರ ತನ್ನ ತಾಲ್ಲೂಕಿನಿಂದ ಇಂತಿಷ್ಟು ಕಂದಾಯ ತರುವೆನೆಂದು ಬರೆದು ಕೊಡಬೇಕು. ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಒಪ್ಪಿಕೊಳ್ಳುವ ಮೊತ್ತ ಸಾಮಾನ್ಯವಾಗಿ ಹಿಂದಿನ ವರ್ಷದ್ದಕ್ಕಿಂತ ಹೆಚ್ಚಿಗೆ ಇರಬೇಕು. ಹೀಗೆ ಬರೆದು ಕೊಟ್ಟವನು ರೈತನ ಮನೆಯ ಮುಂದೆ ಹೇಗೆ ನಿಂತಿರಬಹುದೆಂದು ಊಹಿಸುವುದು ಕಷ್ಟವಲ್ಲ. ನ್ಯಾಯ ಕೇಳಲು ಹೋದರೆ ನ್ಯಾಯಾಧಿಕಾರಿಯೂ ಅವನೇ. ನಗರ ಪ್ರಾಂತದ, ಎಂದರೆ ಇಂದಿನ ಶಿವಮೊಗ್ಗದ ಕಡೆಯ, ರೈತರು ‘ಕೂಟ’ ಸೇರಿದರು. 1830–31ರಲ್ಲಿ ಅದು ದಂಗೆಯಾಯಿತು. ಆ ನೆಪವನ್ನೇ ಹಿಡಿದು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನು ಕಸಿದುಕೊಂಡ. ಅದು ಅರಸರಿಗೆ ಮರಳಲು ಐವತ್ತು ವರ್ಷ ಬೇಕಾಯಿತು. ಆಡಳಿತ ಕೆಡಲು ತಾನು ಹಿಂಡಿದ ಕಪ್ಪವೂ ಕಾರಣ ಎಂದು ಕಂಪನಿ ತನ್ನನ್ನು ತಾನೇ ಪದಚ್ಯುತಗೊಳಿಸಿಕೊಳ್ಳಲಿಲ್ಲ!

ತಿರುವಾಂಕೂರಿನಲ್ಲಿ ಮುಂದೆ ನಡೆದದ್ದನ್ನು ಚುಟುಕಾಗಿ ಹೇಳುತ್ತೇವೆ. 1811ರಿಂದ 1814ರವರೆಗೆ ರೆಸಿಡೆಂಟ್ ಕರ್ನಲ್ ಮನ್ರೋ ತಾನೇ ದಿವಾನನೂ ಆಗಿ ಹಳೆಯ ಕಾರ್ಯಕಾರರ ಕೈಯಿಂದ ನ್ಯಾಯಾಧಿಕಾರವನ್ನು ಕಿತ್ತು, ಕಂದಾಯಕ್ಕೆ ತಹಸೀಲ್ದಾರರನ್ನೂ ನ್ಯಾಯಕ್ಕೆ ಬೇರೆ ಕೋರ್ಟುಗಳನ್ನೂ ಏರ್ಪಡಿಸಿದ. ದೇವಸ್ಥಾನದ ಜಮೀನುಗಳನ್ನು ಸರ್ಕಾರಕ್ಕೆ ಸೇರಿಸಿಕೊಂಡ. ಕಂದಾಯ ವಸೂಲಿ ಮಾಡುವವನೇ ತೀರ್ಪು ಕೊಡುವವನೂ ಆಗಬಾರದೆಂಬ ಅವನ ಏರ್ಪಾಟು, ವೇಲು ತಂಬಿಯ ಎಲ್ಲ ಮೊಳೆಗಳಿಗಿಂತ ಹೆಚ್ಚು ಕೆಲಸ ಮಾಡಿತೆಂದು ನಮಗೆ ತೋರುತ್ತದೆ. ಹಾಗೆಂದು ಅವನನ್ನು ಹೊಗಳಿ ಮುಗಿಸುವಂತಿಲ್ಲ. ಕಂಪನಿಯ ಬಾಕಿ ತೀರಿಸುವುದೇ ಅವನ ಮೊದಲ ಗುರಿಯಾಗಿತ್ತು, ರೆಸಿಡೆಂಟನೇ ದಿವಾನನಾದರೆ ಆ ದಿವಾನನ ಲೆಕ್ಕ ಕೇಳುವವರು ಯಾರೂ ಉಳಿಯಲಿಲ್ಲ.

1855ರ ಹೊತ್ತಿಗೆ ಮತ್ತೆ ಬೊಕ್ಕಸ ಖಾಲಿ, ನೌಕರರ ಸಂಬಳ ಬಾಕಿ. ರಾಜ್ಯವನ್ನೇ ಸೇರಿಸಿಕೊಳ್ಳಬೇಕಾದೀತೆಂದು ಮದ್ರಾಸಿನಿಂದ ಎಚ್ಚರಿಕೆಯೂ ಬಂತು. ಆಗ ದಿವಾನರಾದವರು ಟಿ. ಮಾಧವರಾಯರು. ಅವರ ಅಧಿಕಾರ 1872ರವರೆಗೆ ನಡೆಯಿತು. ಮಾಧವರಾಯರು ಯಾರ ಕಿವಿಯನ್ನೂ ಕತ್ತರಿಸಲಿಲ್ಲ. ಬಾಕಿ ಸಂಬಳ ಕೊಟ್ಟರು, ಆಮೇಲೆ ಸಂಬಳ ಹೆಚ್ಚಿಸಿದರು. ಮೆಣಸು, ಹೊಗೆಸೊಪ್ಪುಗಳ ಮೇಲಿನ ಸರ್ಕಾರದ ಏಕಸ್ವಾಮ್ಯ 1860ರ ದಶಕ ಮುಗಿಯುವುದರೊಳಗೆ ಇಲ್ಲದಾಯಿತು. ಈ ಏಕಸ್ವಾಮ್ಯವೆಂಬುದು ಲಂಚದ ತವರುಮನೆಯಾಗಿತ್ತು: ರೈತ ತಾನು ಬೆಳೆದ ಮೆಣಸನ್ನು ಸರ್ಕಾರಕ್ಕೇ, ಸರ್ಕಾರ ಹೇಳಿದ ಬೆಲೆಗೇ ಮಾರಬೇಕು, ಹಾಗಾಗಿ ತೂಕ ಮಾಡುವವನಿಗೆ, ಕಾವಲುಗಾರನಿಗೆ, ಗಡಿಯ ಚೌಕಿಯವನಿಗೆ ಎಲ್ಲರಿಗೂ ಕೈ ಬಿಸಿ ಮಾಡಬೇಕು. ಅಪ್ಪಣೆ ಚೀಟಿಯೇ ಬೇಡವೆಂದಾದ ಮೇಲೆ ಚೀಟಿ ಕೊಡುವವನಿಗೆ ಲಂಚವೇಕೆ? ಇಂಗ್ಲೆಂಡಿನಲ್ಲಿಯೂ 1854ರ ವರದಿಯ ನಂತರವೇ ಶಿಫಾರಸಿನ ಬದಲು ಪರೀಕ್ಷೆ ನಡೆಸಿ ನೌಕರಿ ಕೊಡುವ ಪದ್ಧತಿ ಮೆಲ್ಲಗೆ ಬೆಳೆಯಿತು. ಸಂಬಳವಿಲ್ಲದ ಅಧಿಕಾರಿಯ ಮುಂದೆ ಧರ್ಮೋಪದೇಶ ಮಾಡಿ ಪ್ರಯೋಜನವಿಲ್ಲ ಎಂಬುದನ್ನು ಎರಡೂ ದೇಶಗಳು ಒಂದೇ ಕಾಲದಲ್ಲಿ ಕಲಿತವು.

ನೌಕರಿ ಯಾರಿಗೆ ಎಂಬ ಪ್ರಶ್ನೆ ಇನ್ನೂ ಹಾಗೆಯೇ ಇತ್ತು. ಇಲ್ಲಿ ನಾವು ವಲಸಿಗರು ಸ್ವಲ್ಪ ಎಚ್ಚರದಿಂದ ಓದಬೇಕು. 1891ರ ‘ಮಲಯಾಳಿ ಮೆಮೋರಿಯಲ್’ ದೂರಿದ್ದು, ದೊಡ್ಡ ಹುದ್ದೆಗಳೆಲ್ಲ ಪರದೇಶಿಗಳ, ಎಂದರೆ ಹೊರಗಿನಿಂದ ಬಂದ ಬ್ರಾಹ್ಮಣರ, ಪಾಲಾಗುತ್ತಿವೆ ಎಂದು. ಅಧಿಕಾರ ಕೆಲವೇ ಮನೆತನಗಳ ಸ್ವತ್ತಾದಾಗ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುವುದು ಸಹಜವಾದ್ದರಿಂದ ಆ ದೂರಿನಲ್ಲಿ ಹುರುಳಿತ್ತು. ಮೈಸೂರಿನಲ್ಲಿ ನಮ್ಮ ಹಿರಿಯರು ಮದ್ರಾಸಿನಿಂದ ಬಂದ ಅಧಿಕಾರಿಗಳ ಮೇಲೆ ಇದೇ ದೂರನ್ನು ಇದೇ ಮಾತುಗಳಲ್ಲಿ ಹೇಳುತ್ತಿದ್ದರು. ಮೆಮೋರಿಯಲ್ಲಿಗೆ ಸಹಿ ಹಾಕಿದವರಲ್ಲಿ ಒಬ್ಬರಾದ ಡಾಕ್ಟರ್ ಪಲ್ಪು, ಈಳವರೆಂಬ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರು ಸರ್ಕಾರದ ವೈದ್ಯರಾಗಿ ಬೆಂಗಳೂರಿನ ಪ್ಲೇಗಿನಲ್ಲಿ ದುಡಿದವರು. ಊರಿಗೆ ಬೇಡವಾದವನು ಪರದೇಶದಲ್ಲಿ ಬೇಕಾದವನಾದ ಕಥೆ ನಮ್ಮಲ್ಲಿ ಅನೇಕರಿಗೆ ಹೊಸದಲ್ಲ.

ಮೈಸೂರು ಈ ನಾಡಿಗೆ ಕೊಟ್ಟ ಇನ್ನೊಂದು ವಸ್ತುವಿದೆ. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು 144 ಮಂದಿ ಪ್ರತಿನಿಧಿಗಳನ್ನು ಕೂಡಿಸಿ ರಾಜ್ಯದ ಜಮಾಖರ್ಚನ್ನು ಓದಿ ಹೇಳಿದರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಹುಟ್ಟಿದ್ದು ಹೀಗೆ. ಅದಕ್ಕೆ ಓಟಿನ ಅಧಿಕಾರವಿರಲಿಲ್ಲ, ಬೇಡಿಕೆ ಹೇಳಿಕೊಳ್ಳಬಹುದಿತ್ತು ಅಷ್ಟೆ. ಆದರೂ ಅಮಲ್ದಾರನ ಹೆಸರು ದಿವಾನರ ಎದುರಿಗೆ, ಹತ್ತು ಊರಿನವರ ಎದುರಿಗೆ ಬರಬಹುದೆಂಬ ಅಂಜಿಕೆ ಸಣ್ಣದಲ್ಲ. ಮೈಸೂರಿನಲ್ಲಿ ಬಹುಕಾಲ ಸೇವೆ ಮಾಡಿದ್ದ ವಿ. ಪಿ. ಮಾಧವರಾಯರು 1904ರಲ್ಲಿ ತಿರುವಾಂಕೂರಿನ ದಿವಾನರಾಗಿ ಬಂದು ಅದೇ ಮಾದರಿಯಲ್ಲಿ ಶ್ರೀಮೂಲಂ ಪ್ರಜಾಸಭೆಯನ್ನು ತೆರೆದರು. ಅದರ ಮೊದಲ ಅಧಿವೇಶನ ನಡೆದದ್ದು ವಿ.ಜೆ.ಟಿ. ಹಾಲಿನಲ್ಲಿ, ಎಂದರೆ ಪಾಳಯದಲ್ಲಿ ಈಗ ಅಯ್ಯಂಕಾಳಿಯವರ ಹೆಸರು ಹೊತ್ತಿರುವ ಸಭಾಭವನದಲ್ಲಿ. ಹೆಸರು ಸರಿಯಾಗಿಯೇ ಇದೆ: ಪುಲಯ ಜನಾಂಗದ ಅಯ್ಯಂಕಾಳಿ 1911ರಲ್ಲಿ ಆ ಸಭೆಗೆ ನಾಮಕರಣಗೊಂಡು ತಮ್ಮವರಿಗೆ ಉಳಲು ಭೂಮಿ ಬೇಕೆಂದು ದಿವಾನರನ್ನೇ ಕೇಳಿದರು. ಅದುವರೆಗೆ ಕಚೇರಿಯ ಅಂಗಳಕ್ಕೂ ಬರಲಾಗದಿದ್ದವರು ಅವರು.

ಅದೇ ವಿ. ಪಿ. ಮಾಧವರಾಯರು 1906ರಲ್ಲಿ ಮೈಸೂರಿನ ದಿವಾನರಾಗಿ ಹೋಗಿ, 1908ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ತಂದರು. ‘ತಾತಯ್ಯ’ ವೆಂಕಟಕೃಷ್ಣಯ್ಯನವರಂಥವರು ಪ್ರತಿಭಟಿಸಿದರು, ಪತ್ರಿಕೆಗಳು ನಿಂತವು. ಸಭೆ ಕರೆದು ಪ್ರಶ್ನೆ ಕೇಳಿಸಿಕೊಳ್ಳುವ ಧೈರ್ಯವಿದ್ದ ದಿವಾನರಿಗೂ, ಕರೆಯದೆ ಪ್ರಶ್ನೆ ಕೇಳುವವರನ್ನು ಸಹಿಸುವ ಧೈರ್ಯ ಬರಲಿಲ್ಲ.

ತಿರುವನಂತಪುರದಲ್ಲಿ ಇದು ಇನ್ನೂ ಕಟುವಾಗಿ ನಡೆಯಿತು. ವಕ್ಕಂ ಅಬ್ದುಲ್ ಖಾದರ್ ಮೌಲವಿಯವರು 1905ರಲ್ಲಿ ಆರಂಭಿಸಿದ ‘ಸ್ವದೇಶಾಭಿಮಾನಿ’ಗೆ ರಾಮಕೃಷ್ಣ ಪಿಳ್ಳೆ ಸಂಪಾದಕರಾದರು. ದಿವಾನ್ ಪಿ. ರಾಜಗೋಪಾಲಾಚಾರಿಯವರ ಆಡಳಿತವನ್ನೂ ಸ್ವಂತ ನಡತೆಯನ್ನೂ ಅವರು ವಾರವಾರವೂ ಹರಿದುಹಾಕಿದರು. 1910ರ ಸೆಪ್ಟೆಂಬರ್ 26ರಂದು ಪೊಲೀಸರು ಮುದ್ರಣಾಲಯಕ್ಕೆ ಬೀಗ ಹಾಕಿ, ಸಂಪಾದಕರನ್ನು ಗಡಿಯಾಚೆ ಬಿಟ್ಟು ಬಂದರು. ವಿಚಾರಣೆಯಿಲ್ಲ, ಕೋರ್ಟಿಲ್ಲ. ಪಿಳ್ಳೆ ಮತ್ತೆ ಊರು ಕಾಣಲಿಲ್ಲ, 1916ರಲ್ಲಿ ಕಣ್ಣೂರಿನಲ್ಲಿ ತೀರಿಕೊಂಡರು. 1799ರಲ್ಲಿ ನಂಬೂದಿರಿಗೆ ಆದ ಶಿಕ್ಷೆಯೂ ಗಡೀಪಾರು, 1910ರಲ್ಲಿ ಪ್ರಶ್ನೆ ಕೇಳಿದವನಿಗೆ ಆದದ್ದೂ ಗಡೀಪಾರು! ಪಿಳ್ಳೆಯವರು ದೋಷವಿಲ್ಲದ ಮಹಾತ್ಮರೆಂದು ಹೇಳಲು ನಾವು ಸಿದ್ಧರಿಲ್ಲ. ಪುಲಯರ ಮಕ್ಕಳನ್ನು ಮೇಲ್ಜಾತಿಯ ಮಕ್ಕಳ ಜೊತೆ ಶಾಲೆಯಲ್ಲಿ ಕೂರಿಸುವುದನ್ನು ಅವರು ತಮ್ಮ ಪತ್ರಿಕೆಯಲ್ಲಿ ವಿರೋಧಿಸಿದರು. ಆ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಲು ನಿಂತವರು ಅವರು ಬಯ್ದ ಅದೇ ದಿವಾನರು. ಚರಿತ್ರೆಯಲ್ಲಿ ಹೀಗೆ ಕರಿಯದು ಬಿಳಿಯದು ಬೇರೆ ಬೇರೆ ಚೀಲದಲ್ಲಿ ಸಿಗುವುದಿಲ್ಲ.

1938ರಲ್ಲಿ ತಿರುವಾಂಕೂರು ಸ್ಟೇಟ್ ಕಾಂಗ್ರೆಸ್ಸು ದಿವಾನ್ ಸಿ. ಪಿ. ರಾಮಸ್ವಾಮಿ ಅಯ್ಯರ್ ಅವರ ಮೇಲೆ ಆರೋಪಗಳ ಪಟ್ಟಿಯನ್ನೇ ಮಹಾರಾಜರಿಗೆ ಸಲ್ಲಿಸಿತು. ಗಾಂಧೀಜಿ ಒಂದು ವಿಚಿತ್ರವೆನ್ನಿಸುವ ಸಲಹೆ ಕೊಟ್ಟರು: ವ್ಯಕ್ತಿಯ ಮೇಲಿನ ಆರೋಪಗಳನ್ನು ಹಿಂದಕ್ಕೆ ಪಡೆಯಿರಿ, ಜವಾಬ್ದಾರಿ ಸರ್ಕಾರಕ್ಕಾಗಿ ಮಾತ್ರ ಹೋರಾಡಿ. ಮುಂದಾಳುಗಳಲ್ಲಿ ಅನೇಕರಿಗೆ ಅದು ನುಂಗಲಾರದ ತುತ್ತಾಗಿತ್ತು, ಆದರೂ ಆ ವರ್ಷ ಮುಗಿಯುವ ವೇಳೆಗೆ ಆರೋಪಗಳನ್ನು ಹಿಂತೆಗೆದುಕೊಂಡರು. ವೇಲು ತಂಬಿಯ ದಾರಿಯನ್ನು ಬಿಟ್ಟು, ಕುರ್ಚಿಯ ಸ್ವರೂಪವನ್ನೇ ಬದಲಿಸುವ ದಾರಿ ಅದು. ಅದು ಕೈಗೂಡಿದ್ದು 1948ರಲ್ಲಿ.

ಜವಾಬ್ದಾರಿ ಸರ್ಕಾರ ಬಂದಮೇಲೆ ಲಂಚ ಹೋಯಿತೇ? ಹೋಗಲಿಲ್ಲ, ಆದರೆ ಅದರ ಹಾದಿ ಬದಲಾಯಿತು. 1957ರ ಇ. ಎಂ. ಎಸ್. ಮಂತ್ರಿಮಂಡಲವೇ ಆಂಧ್ರದಿಂದ ಅಕ್ಕಿ ಕೊಂಡ ವ್ಯವಹಾರದಲ್ಲಿ ವಿಚಾರಣೆಗೆ ಗುರಿಯಾಯಿತು. ತಪ್ಪಿಸಬಹುದಾಗಿದ್ದ ನಷ್ಟವಾಗಿದೆಯೆಂದು ನ್ಯಾಯಮೂರ್ತಿ ಪಿ. ಟಿ. ರಾಮನ್ ನಾಯರ್ ವರದಿ ಕೊಟ್ಟರು. 1969ರಲ್ಲಿ ಅವರ ಎರಡನೆಯ ಮಂತ್ರಿಮಂಡಲ, ಮಂತ್ರಿಗಳ ಮೇಲಿನ ಭ್ರಷ್ಟಾಚಾರದ ಆರೋಪಗಳ ಜಗಳದಲ್ಲೇ ಮುರಿದುಬಿತ್ತು. ಇಡಮಲಯಾರ್ ಅಣೆಕಟ್ಟಿನ ಗುತ್ತಿಗೆಯ ಮೊಕದ್ದಮೆಯಲ್ಲಿ ಮಾಜಿ ಮಂತ್ರಿ ಆರ್. ಬಾಲಕೃಷ್ಣ ಪಿಳ್ಳೆಯವರಿಗೆ ಸುಪ್ರೀಂ ಕೋರ್ಟು ಒಂದು ವರ್ಷದ ಸಜೆ ವಿಧಿಸಿದ್ದು 2011ರಲ್ಲಿ. ಕೊಳ್ಳುವ ಅಕ್ಕಿ, ಕಟ್ಟುವ ಅಣೆಕಟ್ಟು, ಕೊಡುವ ಗುತ್ತಿಗೆ: ರಾಜರ ಕಾಲದ ಮೆಣಸು ಹೊಗೆಸೊಪ್ಪುಗಳ ಜಾಗಕ್ಕೆ ಇವು ಬಂದವು. ಚುನಾವಣೆಗೆ ಹಣ ಬೇಕು, ಅದು ಕಂಪನಿಯ ಕಪ್ಪದಂತೆ ತಪ್ಪದೆ ತೆರಬೇಕಾದ ಹಣ. ಹಾಂಗ್‌ಕಾಂಗಿನಲ್ಲಿ 1974ರಲ್ಲಿ, ಹಿರಿಯ ಪೊಲೀಸ್ ಅಧಿಕಾರಿಯೊಬ್ಬ ಲಂಚದ ಹಣದೊಡನೆ ಇಂಗ್ಲೆಂಡಿಗೆ ಓಡಿಹೋದ ಮೇಲೆ, ಪೊಲೀಸರಿಂದ ಬೇರೆಯಾದ ಸ್ವತಂತ್ರ ಆಯೋಗವೊಂದನ್ನು ಕಟ್ಟಿದರು. ವಿಚಾರಣೆ ಮಾಡುವವರು ವಿಚಾರಣೆಗೆ ಒಳಗಾಗುವವರ ಕೈಕೆಳಗಿರಬಾರದು ಎಂಬುದಷ್ಟೇ ಅದರ ಗುಟ್ಟು.

ನಮ್ಮ ಎರಡು ರಾಜ್ಯಗಳೂ ಆ ದಾರಿಯಲ್ಲಿ ಲೋಕಾಯುಕ್ತವನ್ನು ಕಟ್ಟಿಕೊಂಡವು: ಕರ್ನಾಟಕ 1984ರ ಕಾಯಿದೆಯಿಂದ, ಕೇರಳ 1999ರದ್ದರಿಂದ. 2016ರಲ್ಲಿ ಕರ್ನಾಟಕ ಸರ್ಕಾರ ಲೋಕಾಯುಕ್ತದ ತನಿಖಾಧಿಕಾರವನ್ನು ತೆಗೆದು, ತನ್ನದೇ ಕೈಕೆಳಗಿನ ಒಂದು ದಳಕ್ಕೆ ಒಪ್ಪಿಸಿತು. 2022ರ ಆಗಸ್ಟ್ 11ರಂದು ಕರ್ನಾಟಕದ ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಕೇರಳದಲ್ಲಿ 2021ರಲ್ಲಿ ಲೋಕಾಯುಕ್ತದ ಒಂದು ತೀರ್ಮಾನದಿಂದ ಸಚಿವರೊಬ್ಬರು ರಾಜೀನಾಮೆ ಕೊಡಬೇಕಾಗಿ ಬಂದಿತ್ತು. ಕರ್ನಾಟಕದ ತೀರ್ಪು ಬಂದ ಅದೇ ಆಗಸ್ಟ್ ತಿಂಗಳ 30ರಂದು ಕೇರಳದ ವಿಧಾನಸಭೆ, ಲೋಕಾಯುಕ್ತದ ಅಂಥ ತೀರ್ಮಾನವನ್ನು ಒಪ್ಪುವ ಬಿಡುವ ಅಧಿಕಾರವನ್ನು, ಸಚಿವರ ವಿಷಯದಲ್ಲಿ ಮುಖ್ಯಮಂತ್ರಿಗೂ ಮುಖ್ಯಮಂತ್ರಿಯ ವಿಷಯದಲ್ಲಿ ವಿಧಾನಸಭೆಗೂ ಕೊಡುವ ತಿದ್ದುಪಡಿಗೆ ಒಪ್ಪಿಗೆ ನೀಡಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು 2024ರಲ್ಲಿ.